ಜೋಲಿಯಲ್ಲಿ ಒಂದು ರಾತ್ರಿ

(ಆಕಾಶವಾಣಿಯಿಂದ ಪ್ರಸಾರವಾದ ಭಾಷಣ)

ನಮ್ಮ ಸೀಮೆಯಲ್ಲಿ ಜೋಲಿ ಎಂಬುದು ಬಾಳಿನ ಎರಡು ತುದಿಗಳಲ್ಲಿ ಮಾತ್ರ ಒದಗಿಬರುವ ವಸ್ತು. ಹೊಲದಲ್ಲಿ ಕಳೆ ತೆಗೆಯುವ ತಾಯಿ ಹಳೆಯ ಸೀರೆಯೊಂದನ್ನು ಬೇವಿನ ಕೊಂಬೆಗೆ ಕಟ್ಟಿ ಅದರಲ್ಲಿ ಕೂಸನ್ನು ಮಲಗಿಸುತ್ತಾಳೆ, ಅದು ಜೋಲಿ. ದಾರಿಯಿಲ್ಲದ ಹಳ್ಳಿಯಿಂದ ಕಾಯಿಲೆಯವರನ್ನು ಸಾಗಿಸಬೇಕಾದಾಗ ಗಳಕ್ಕೆ ಕಂಬಳಿ ಬಿಗಿದು ಇಬ್ಬರು ಹೆಗಲು ಕೊಡುತ್ತಾರೆ, ಅದೂ ಜೋಲಿಯೇ. ಇವೆರಡರ ನಡುವಣ ಅರುವತ್ತು ಎಪ್ಪತ್ತು ವರ್ಷಗಳಲ್ಲಿ, ಕೈಕಾಲು ಗಟ್ಟಿಯಾಗಿರುವ ಮನುಷ್ಯನೊಬ್ಬ ಜೋಲಿಯಲ್ಲಿ ಮಲಗುವ ಪ್ರಸಂಗ ನಮ್ಮಲ್ಲಿ ಇಲ್ಲ. ಮಲಗಿದವನನ್ನು ಕಂಡರೆ ಜನ ನಕ್ಕಾರು, ಇಲ್ಲವೇ ಹೆದರಿ ವಿಚಾರಿಸಿಕೊಂಡಾರು. ಅರುವತ್ತೇಳನೆಯ ವಯಸ್ಸಿನಲ್ಲಿ, ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಒಂದು ಇಡೀ ರಾತ್ರಿಯನ್ನು ಜೋಲಿಯಲ್ಲಿ ಕಳೆದೆ. ಅದನ್ನು ಕುರಿತು ಮಾತನಾಡುವಂತೆ ಕೇಂದ್ರದವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಅದು ಮುಂದೆ ಬರುತ್ತದೆ.

ನನ್ನ ಹುಟ್ಟೂರು ಕಂಪ್ಲಿಯ ಕಡೆಯ ಮೆಟ್ರಿ. ವಾಸ ಹೊಸಪೇಟೆಯಲ್ಲಾದರೂ ದಸರೆಗೆ ಊರಿಗೆ ಹೋಗುವುದು ರೂಢಿ. 2025ರ ವಿಜಯದಶಮಿಯ ಸಂಜೆ ಊರ ಕಟ್ಟೆಯ ಮೇಲೆ ಕುಳಿತು ಬಂದವರಿಗೆ ಬನ್ನಿ ಕೊಡುತ್ತ, ಕೊಟ್ಟವರಿಂದ ಪಡೆಯುತ್ತ ಇದ್ದೆ. ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳುವ ಈ ಹಬ್ಬದಲ್ಲಿ ಮುನಿಸಿಗೆ ಅವಕಾಶವಿಲ್ಲವೆಂಬುದು ಹಿರಿಯರ ನಡೆ. ಆದರೂ ಹದಿಮೂರು ದಸರೆಗಳಿಂದ ನನ್ನ ಸ್ವಂತ ತಮ್ಮ ನನಗೆ ಬನ್ನಿ ಕೊಟ್ಟಿರಲಿಲ್ಲ. ಒಂದೇ ಊರಿನ ಒಂದೇ ಓಣಿಯಲ್ಲಿ ಎದುರಾದರೆ ಅವನು ಎತ್ತಿನ ಕಡೆ ನೋಡುತ್ತಿದ್ದ, ನಾನು ಆಕಾಶದ ಕಡೆ. ಆ ಸಂಜೆ ಬಂದ. ಹಿಂದೆ ಅವನ ಮಗ ನಿಂತಿದ್ದ. ತಮ್ಮ ನನ್ನ ಕೈಯಲ್ಲಿ ಬನ್ನಿಯಿಟ್ಟು ಕಾಲು ಮುಟ್ಟಿದ, ಮಾತೇನೂ ಆಡಲಿಲ್ಲ. ಮಾತು ಆಡಿದವನು ಹುಡುಗ: ‘ದೊಡ್ಡಪ್ಪ, ಶನಿವಾರ ಐತವಾರ ಸಂಡೂರು ಗುಡ್ಡಕ್ಕೆ ಹೋಗೋಣ. ಅಪ್ಪನೂ ಬರ್ತಾನ. ಮೂರು ಜೋಲಿ ತಂದೀನಿ.’

ಈ ಹುಡುಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ರಜೆ ಸಿಕ್ಕಿದಾಗಲೆಲ್ಲ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವುದು ಅವನ ಚಾಳಿ. ಮುದುಕರಿಬ್ಬರ ಮೌನವನ್ನು ಮುರಿಯಲು ಅವನು ಹೂಡಿದ ಉಪಾಯವಿದು ಎಂಬುದು ನನಗೆ ತಿಳಿಯದೆ ಇರಲಿಲ್ಲ. ತಿಳಿದೂ ಹೂಂ ಎಂದೆ.

ಅಕ್ಟೋಬರ್ 4, ಶನಿವಾರ. ಸೀಗಿ ಹುಣ್ಣಿಮೆಗೆ ಎರಡು ದಿನ ಬಾಕಿ. ಶರದೃತುವನ್ನು ನಾನು ತರಗತಿಯಲ್ಲಿ ಎಷ್ಟು ಸಲ ವರ್ಣಿಸಿದ್ದೇನೋ ಲೆಕ್ಕವಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಋತುವೂ ಒಂದು, ಶೈಲವೂ ಒಂದು. ತಿಳಿಯಾದ ಹೊಳೆ, ಬಿಳಿಯ ಮೋಡ, ನಗುವ ಬೆಳ್ದಿಂಗಳು ಎಂದು ಪಟ್ಟಿ ಒಪ್ಪಿಸಿ ಗಂಟೆ ಬಾರಿಸುವುದನ್ನೇ ಕಾಯುತ್ತಿದ್ದೆ. ಮನೆಯಿಂದ ಮೂರು ಗಾವುದವಿಲ್ಲದ ಬೆಟ್ಟದಲ್ಲಿ ಶರತ್ಕಾಲ ಹೇಗಿರುತ್ತದೆಂದು ನೋಡಲು ಒಂದು ರಾತ್ರಿಯೂ ಹೋಗಿರಲಿಲ್ಲ. ನನ್ನ ಹಾಗೆ ಓದಿನಲ್ಲೇ ಮಲೆಯೇರಿದ ಮೇಷ್ಟರುಗಳು ಇನ್ನೂ ಕೆಲವರಿದ್ದಾರೆಂಬ ಸಮಾಧಾನ ಮಾತ್ರ ಇದೆ.

ಬೆಳಗಿನ ಬಸ್ಸು ಹಿಡಿದು, ದಾರಿಯಲ್ಲಿ ಇನ್ನೊಂದಕ್ಕೆ ಹತ್ತಿ ಸಂಡೂರು ಸೇರಿದೆವು. ಹುಡುಗನ ಬೆನ್ನಿನ ಚೀಲ ಹನ್ನೆರಡು ಕಿಲೋ ತೂಗುತ್ತಿತ್ತು. ನನ್ನದರಲ್ಲಿ ಒಂದು ಶಾಲು, ನೀರಿನ ಬಾಟಲಿ, ರಕ್ತದೊತ್ತಡದ ಮಾತ್ರೆ. ತಮ್ಮ ಚೀಲವನ್ನೇ ತಂದಿರಲಿಲ್ಲ; ಸಜ್ಜೆರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದ ಬಟ್ಟೆಯ ಗಂಟನ್ನು ಕೋಲಿನ ತುದಿಗೆ ಸಿಕ್ಕಿಸಿ ಹೆಗಲ ಮೇಲಿಟ್ಟುಕೊಂಡಿದ್ದ. ಇಬ್ಬರ ಸಾಮಾನನ್ನೂ ನೋಡಿ ನಗಬಾರದೆಂದು ಹುಡುಗ ಬಹಳ ಕಷ್ಟಪಟ್ಟ.

ಸಂಡೂರಿನ ನೆಲವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಬಳ್ಳಾರಿಯ ಬಯಲಿನ ಬಿಸಿಲಿನಿಂದ ಬಂದವನಿಗೆ ಇದು ಬೇರೊಂದು ದೇಶವೆಂದೇ ತೋರುತ್ತದೆ. ಎರಡು ಬೆಟ್ಟಸಾಲುಗಳು ಎದುರುಬದುರಾಗಿ ಓಡಿ ನಡುವೆ ಉದ್ದನೆಯ ಕಣಿವೆಯೊಂದನ್ನು ಕಾಯುತ್ತವೆ. ನಾರಿಹಳ್ಳವು ಒಂದು ಗೋಡೆಯನ್ನು ಓಬಳಗಂಡಿಯಲ್ಲಿ ಸೀಳಿ ಒಳಗೆ ಬರುತ್ತದೆ, ಇನ್ನೊಂದನ್ನು ಭೀಮಗಂಡಿಯಲ್ಲಿ ಸೀಳಿ ಹೊರಗೆ ಹೋಗುತ್ತದೆ. ಹೋಗಿ ನಮ್ಮ ದರೋಜಿಯ ಕೆರೆಯನ್ನು ತುಂಬುತ್ತದೆ. ಗಾಂಧೀಜಿಯವರು 1934ರಲ್ಲಿ ಇಲ್ಲಿಗೆ ಬಂದಿದ್ದಾಗ ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದರಂತೆ. ಊರಿನವರು ಇಂದಿಗೂ ಆ ಮಾತನ್ನು ನೆನೆಸಿ ಹಿಗ್ಗುತ್ತಾರೆ. ನಾವು ನಾಲ್ಕು ದಿನ ತಡವಾಗಿ ಹೋದೆವು. ಹಸುರು ನಮಗಾಗಿ ಕಾದಿತ್ತು.

ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿ, 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂತು. ಅದಕ್ಕಿಂತ ಹಿಂದಿನ ಕತೆ ಜನರ ಬಾಯಲ್ಲಿದೆ. ಆಚೆಯ ಸಾಲಿನ ರಾಮನದುರ್ಗಕ್ಕೆ ನಮ್ಮ ಕಂಪಿಲಿಯ ಕುಮಾರರಾಮನಿಂದ ಆ ಹೆಸರು ಬಂದಿತೆನ್ನುತ್ತಾರೆ. ಆಂಗ್ಲರ ಕಾಲದಲ್ಲಿ ಬಳ್ಳಾರಿಯ ದಂಡಿನ ರೋಗಿಗಳು ಹವಾ ಬದಲಾವಣೆಗೆ ಅಲ್ಲಿಗೆ ಹೋಗುತ್ತಿದ್ದರು. ಬುರ್ರಕಥೆಯ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಆಕೆಯ ದನಿಯನ್ನು ಕೇಳಿದವರಿಗೆ ಈ ಗುಡ್ಡಗಳು ಬರಿಯ ಗುಡ್ಡಗಳಾಗಿ ಕಾಣಲಾರವು.

ಏರು ಕಡಿದಾಗಿರುವಲ್ಲಿ ಸಿಕ್ಕಿದ ಒಂದು ವಾಹನ ನಮ್ಮ ಅರ್ಧ ದಾರಿಯನ್ನು ತಿಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಉಳಿದರ್ಧವನ್ನು ನಡೆದೆವು. ಬದಿಯ ಪೊದೆಗಳಲ್ಲಿ ಗೌರಿ ಹೂವಿನ ಕೆಂಪು ನಾಲಗೆಗಳು ಇನ್ನೂ ಒಂದೆರಡು ಉಳಿದಿದ್ದವು. ತಂಗಡಿ ಹೂ ಬಿಟ್ಟಿತ್ತು. ಬಂಡೆಯೊಂದರ ಮೇಲೆ ಹಳದಿ ಕೊರಳಿನ ಪಿಕಳಾರ ಕುಳಿತಿರುವುದನ್ನು ಹುಡುಗ ತೋರಿಸಿದ. ದಕ್ಷಿಣದ ಬಂಡೆಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಹಕ್ಕಿಯಂತೆ. ತಮ್ಮ ಮರಗಳ ಹೆಸರು ಹೇಳುತ್ತ ಹೋದ: ದಿಂಡಿಗ, ಕಮರ, ಹೊನ್ನೆ, ಮತ್ತಿ. ಅವನು ಮರಕ್ಕೆ ಹೇಳುತ್ತಿದ್ದನೇ ಹೊರತು ನನಗಲ್ಲ. ಆದರೂ ನಾನು ಕೇಳಿಸಿಕೊಂಡೆ. ಹಳಗನ್ನಡ ಕಾವ್ಯಗಳಲ್ಲಿ ನಾನು ಅರ್ಥ ಹೇಳಿಕೊಟ್ಟ ಮರಗಳಲ್ಲಿ ನಾಲ್ಕನ್ನಾದರೂ ಆ ದಿನ ಮುಟ್ಟಿ ನೋಡಿದೆನೆನ್ನಬಹುದು.

ಮೇಲೆ ಕುಮಾರಸ್ವಾಮಿಯ ಗುಡಿ. ಅದರ ಸನ್ನಿಧಿಯಲ್ಲಿ ಇನ್ನೂ ಹಳೆಯದಾದ, ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿಯ ಗುಡಿ. ಹೆಂಗಸರು ಕುಮಾರಸ್ವಾಮಿಯ ದರ್ಶನ ಮಾಡುವುದಿಲ್ಲವೆಂಬುದು ಅಲ್ಲಿಯ ಹಳೆಯ ನಡಾವಳಿ. ನಾವು ಚಿಕ್ಕವರಿದ್ದಾಗ ತಾಯಿ ನಮ್ಮಿಬ್ಬರನ್ನೂ ಒಳಗೆ ಕಳಿಸಿ, ತಾನು ಪಾರ್ವತಿಯ ಗುಡಿಯ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದಳು. ಹೊರಗೆ ಬಂದ ಕೂಡಲೆ ‘ಸ್ವಾಮಿ ಹೆಂಗದಾನ?’ ಎಂದು ಕೇಳುವಳು. ತಮ್ಮ ಪ್ರತಿಸಲವೂ ‘ಚೊಲೊ ಅದಾನ’ ಎನ್ನುತ್ತಿದ್ದ. ಈ ಸಲ ಅವನು ಕುಮಾರಸ್ವಾಮಿಗೆ ಕೈ ಮುಗಿದು ಬಂದು ಆ ಕಂಬದ ಬಳಿ ಸ್ವಲ್ಪ ಹೊತ್ತು ನಿಂತ. ಅವನು ಏನನ್ನು ನೆನೆಯುತ್ತಿದ್ದನೆಂದು ನಾನು ಕೇಳಬೇಕಾಗಿರಲಿಲ್ಲ.

ರಾತ್ರಿಯ ಬಿಡಾರವನ್ನು ಕಾಡಿನೊಳಗೆ ಹೂಡುವಂತಿಲ್ಲ. ಇಲಾಖೆಯ ಅಪ್ಪಣೆ ಬೇಕು. ಮೇಲಾಗಿ ಇದು ಕರಡಿಯ ಸೀಮೆ. ದರೋಜಿಯ ಕರಡಿಧಾಮ 1994ರಲ್ಲಿ ಆದದ್ದು, ಕರಡಿಗಳು ಅದಕ್ಕೂ ಮುಂಚಿನಿಂದ ಇದ್ದವರು. ನೆಲದಿಂದ ಎರಡು ಅಡಿ ಮೇಲೆ ತೂಗಾಡುವ ಮನುಷ್ಯನನ್ನು ಕಂಡು ಕರಡಿಯೇನೂ ಗೌರವ ತೋರಿಸುವುದಿಲ್ಲವೆಂದು ತಮ್ಮ ಹುಡುಗನಿಗೆ ಸ್ಪಷ್ಟವಾಗಿ ತಿಳಿಸಿದ. ಆದ್ದರಿಂದ ಹೊತ್ತು ಮುಳುಗುವ ಮುನ್ನ ಕೆಳಗಿಳಿದು, ಪರಿಚಿತರೊಬ್ಬರ ತೋಟದಲ್ಲಿ, ಕಾವಲುಗಾರನ ಗುಡಿಸಿಲಿಗೆ ಕೂಗಳತೆಯಲ್ಲಿ ಇಳಿದುಕೊಂಡೆವು. ಹುಣಸೆಯ ಮರವನ್ನು ನಾನು ಒಪ್ಪಲಿಲ್ಲ. ಅದರಲ್ಲಿ ದೆವ್ವವಿದೆಯೆಂದು ನಂಬುವವನಲ್ಲ ನಾನು; ಆದರೆ ರಾತ್ರಿಯಿಡೀ ಅದನ್ನು ನಂಬದೆ ಇರುವ ಶ್ರಮ ಈ ವಯಸ್ಸಿಗೆ ಬೇಡವೆನಿಸಿತು.

ಜೋಲಿ ಕಟ್ಟುವುದರಲ್ಲಿ ಒಂದು ಶಾಸ್ತ್ರವಿದೆ. ಮೂರು ಜೋಲಿಗಳೂ ಪ್ಯಾರಾಶೂಟಿನ ಬಟ್ಟೆಯಂಥ ತೆಳು ನೈಲಾನಿನವು, ಮಡಿಚಿದರೆ ತೆಂಗಿನಕಾಯಿಯಷ್ಟು. ಮರಕ್ಕೆ ಹಗ್ಗವನ್ನು ನೇರವಾಗಿ ಬಿಗಿದರೆ ತೊಗಟೆ ಕತ್ತರಿಸುತ್ತದೆಂದು ಅಂಗೈ ಅಗಲದ ಪಟ್ಟಿಯನ್ನು ಸುತ್ತಿ, ಅದಕ್ಕೆ ಕೊಂಡಿ ಹಾಕುತ್ತಾರೆ. ನಾನು ಹಾಸಿಗೆಯ ಹಾಗೆ ಸಪಾಟಾಗಿರಲೆಂದು ಬಿಗಿಯಾಗಿ ಎಳೆದೆ. ಹುಡುಗ ತಡೆದ. ಎರಡೂ ಕಡೆಯ ಪಟ್ಟಿ ನೆಲಕ್ಕೆ ಸಮಾನಾಂತರವಾದ ಗೆರೆಯಿಂದ ಸುಮಾರು 30 ಡಿಗ್ರಿ ಏರಿರಬೇಕಂತೆ. ಆಗ 60 ಕಿಲೋ ತೂಕದವನು ಮಲಗಿದರೆ ಒಂದೊಂದು ಕಡೆಗೂ 60 ಕಿಲೋದಷ್ಟೇ ಎಳೆತ. ಬಿಗಿ ಮಾಡಿ 10 ಡಿಗ್ರಿಗೆ ತಂದರೆ ಅದೇ ಎಳೆತ 170 ಕಿಲೋ ದಾಟುತ್ತದೆ. ಪಟ್ಟಿ ಹರಿಯಬಹುದು, ಎಳೆಯ ಮರ ಬಾಗಬಹುದು. ಇನ್ನೊಂದು ಗುಟ್ಟೆಂದರೆ ಜೋಲಿಯ ಉದ್ದಕ್ಕೆ ಮಲಗದೆ ಓರೆಯಾಗಿ ಮಲಗುವುದು. ಓರೆಯಾದರೆ ಬೆನ್ನು ಬಾಳೆಯಕಾಯಿಯಂತೆ ಬಾಗದೆ ನೆಟ್ಟಗಾಗುತ್ತದೆ. ಚಳಿ ಮಾತ್ರ ಕೆಳಗಿನಿಂದ ಬರುತ್ತದೆ: ಮೈಯ ಭಾರಕ್ಕೆ ಹೊದಿಕೆ ಅಡಿಯಲ್ಲಿ ಚಪ್ಪಟೆಯಾಗಿ ಬೆಚ್ಚಗಿನ ಗಾಳಿ ನಿಲ್ಲುವುದಿಲ್ಲ. ಅದಕ್ಕೆಂದು ಅವನು ಬೆನ್ನ ಕೆಳಗೆ ಹಾಸಲು ಫೋಮಿನ ಚಾಪೆ ತಂದಿದ್ದ. ತಮ್ಮ ಅದನ್ನು ಒಲ್ಲದೆ ತನ್ನ ಕಂಬಳಿಯನ್ನೇ ಹಾಸಿಕೊಂಡ. ಬೆಳಗ್ಗೆ ವಿಚಾರಿಸಿದಾಗ ಅವನ ಬೆನ್ನೇ ಬೆಚ್ಚಗಿತ್ತೆಂದು ಗೊತ್ತಾಯಿತು.

ನಿಘಂಟುಗಳಲ್ಲಿ ಇದಕ್ಕೆ ತೂಗುಮಂಚವೆಂದು ಅರ್ಥ ಕೊಡುವುದುಂಟು. ತೂಗುಮಂಚವೆಂದರೆ ಶ್ರೀಮಂತರ ಪಡಸಾಲೆ, ಹಿತ್ತಾಳೆಯ ಸರಪಳಿ, ಎಲೆಯಡಿಕೆಯ ತಟ್ಟೆ. ಇದು ಅದಲ್ಲ. ಕೊಲಂಬಸನು 1492ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿನ ಟೈನೊ ಜನ ಹತ್ತಿಯ ಬಲೆಗಳನ್ನು ಕಂಬಗಳ ನಡುವೆ ಕಟ್ಟಿ ಮಲಗುತ್ತಿದ್ದರು. ಅವರು ಅದನ್ನು ಹಮಾಕ ಎನ್ನುತ್ತಿದ್ದರು. ಇಂಗ್ಲಿಷಿನ ಹ್ಯಾಮಕ್ ಅದರಿಂದಲೇ ಬಂತು. ಯುರೋಪಿನ ನಾವಿಕರು ಅದನ್ನು ಹಡಗಿಗೆ ಒಯ್ದರು. ಹಡಗು ಹೊಯ್ದಾಡಿದರೂ ಮಲಗಿದವನು ಉರುಳಲಾರ. ಲೋಕವೆಲ್ಲ ಸುತ್ತಿಬಂದ ಆ ವಸ್ತುವಿಗೆ ನಮ್ಮ ಸುಶೀಲಾನಗರದ ಲಂಬಾಣಿ ತಾಯಂದಿರು ಕೂಸಿಗೆ ಕಟ್ಟುವ ಜೋಲಿಯ ಹೆಸರಿಗಿಂತ ಉತ್ತಮವಾದದ್ದನ್ನು ನಾನು ಕಾಣೆ.

ಮೂರು ಜೋಲಿಗಳಿಗೆ ಆರು ಮರ ಬೇಕು, ಹೊಂದಿಕೆಯಾದವು ಐದು. ಹೀಗಾಗಿ ನನ್ನ ಕಾಲ ಕಡೆಯ ತುದಿಯನ್ನೂ ತಮ್ಮನ ತಲೆಯ ಕಡೆಯ ತುದಿಯನ್ನೂ ತೊಡೆಯ ಗಾತ್ರದ ಒಂದೇ ಬೇವಿಗೆ ಕಟ್ಟಿದ್ದಾಯಿತು. ಮರ ತಡೆಯಿತು. ಆದರೆ ಎಳೆಯ ಮರ. ಅವನು ಮಗ್ಗುಲಾದರೆ ನನ್ನ ಜೋಲಿ ತೂಗುತ್ತಿತ್ತು, ನಾನು ಹೊರಳಿದರೆ ಅವನದು. ಹುಡುಗ ಮಲಗಿದ ಐದು ನಿಮಿಷಕ್ಕೆ ಗೊರಕೆ ಹೊಡೆದ. ತ್ರಯೋದಶಿಯ ಚಂದ್ರ ಎಲೆಗಳ ಸಂದಿನಲ್ಲಿ ಸರಿಯುತ್ತಿದ್ದ. ನನ್ನ ಜೋಲಿ ತೂಗುತ್ತಲೇ ಇತ್ತು. ತಮ್ಮನಿಗೆ ನಿದ್ದೆಯಿಲ್ಲವೆಂದು ತಿಳಿಯಿತು. ಅವನಿಗೂ ನನ್ನ ವಿಷಯ ತಿಳಿದಿರಬೇಕು.

ಶ್ರೋತೃಗಳೇ, ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಂಡೂರು ಬೆಟ್ಟಗಳ ನೆತ್ತಿಯಲ್ಲಿ ಇರುವುದು ಕಬ್ಬಿಣದ ಅದಿರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಬಳ್ಳಾರಿ ಜಿಲ್ಲೆಯನ್ನೆಲ್ಲ ಅಳೆದು 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ. ಸುಮಾರು 270 ಕೋಟಿ ವರ್ಷಗಳ ಹಿಂದಿನ ಈ ಶಿಲೆಗಳು ಎರಡು ಅಂಚಿನಲ್ಲಿ ಎದ್ದು ನಡುವೆ ಜೋತುಬಿದ್ದಿವೆ. ಜೋಲಿಯ ಹಾಗೆ ಎಂದರೂ ತಪ್ಪಾಗದು. ಇಪ್ಪತ್ತನೆಯ ಶತಮಾನದ ಆರಂಭದಿಂದ ಇಲ್ಲಿ ಅಗೆತ ನಡೆದಿದೆ. ಆದರೆ 2003ರಿಂದ ಏಳೆಂಟು ವರ್ಷ ನಡೆದದ್ದು ಅಗೆತವಲ್ಲ, ಹುಚ್ಚು. ಚೀನದ ಬೇಡಿಕೆಯಿಂದ ಬೆಲೆ ಏರಿ, ಬೆಟ್ಟದ ತಪ್ಪಲಿನ ಹೊಲಗಳಲ್ಲಿ ಮಣ್ಣಿನೊಡನೆ ಬೆರೆತು ಬಿದ್ದಿದ್ದ ಅದಿರಿನ ಹರಳಿಗೂ ಬೆಲೆ ಬಂತು. ಪಟ್ಟಾ ಜಮೀನುಗಳನ್ನು ಕೊಂಡು, ಗುತ್ತಿಗೆ ಹಿಡಿದು ಅಗೆದರು. ಹೊಸಪೇಟೆಯ ರಸ್ತೆಯಲ್ಲಿ ಲಾರಿಗಳ ಸಾಲು, ಜೋಳದ ಗರಿಯ ಮೇಲೆ ಕೆಂಪು ಧೂಳು. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಕಟ್ಟುಪಾಡುಗಳೊಡನೆ ಒಂದೊಂದಾಗಿ ತೆರೆದವು. 2024ರಲ್ಲಿ ದೇವದಾರಿಯ ಕಾಡಿನಲ್ಲಿ ಹೊಸ ಗಣಿಯ ಮಾತೆದ್ದು ಮರಗಳ ಲೆಕ್ಕ ಪತ್ರಿಕೆಗಳಲ್ಲಿ ಬಂದದ್ದನ್ನು ನೀವು ಓದಿದ್ದೀರಿ.

2012ರಲ್ಲಿ ನಾನು ಇದೇ ಆಕಾಶವಾಣಿಯಲ್ಲಿ ಸಂಡೂರಿನ ಕಣಿವೆಯನ್ನು ಕುರಿತು ಮಾತನಾಡಿದ್ದೆ. ಚೆನ್ನಾಗಿತ್ತೆಂದು ಅನೇಕರು ಕಾಗದ ಬರೆದರು. ಗಣಿಯ ದೊರೆಗಳನ್ನು ಟೀಕಿಸಿದ ಮೇಲೆ, ದುಡ್ಡಿನಾಸೆಗೆ ಹೊಲ ಕೊಟ್ಟ ರೈತರನ್ನು ‘ತಾಯಿಯ ಮಡಿಲು ಮಾರಿಕೊಂಡ ಮಕ್ಕಳು’ ಎಂದು ಕರೆದಿದ್ದೆ. ಆ ಮಾತು ಬರೆದಾಗ ನನಗೇ ಮೆಚ್ಚಿಗೆಯಾಗಿ ಎರಡು ಸಲ ಗಟ್ಟಿಯಾಗಿ ಓದಿಕೊಂಡದ್ದು ನೆನಪಿದೆ.

ಆ ರಾತ್ರಿ ತಮ್ಮನ ದನಿ ಕತ್ತಲೆಯಿಂದ ಬಂತು.

‘ಅಣ್ಣಾ, ನಿದ್ದಿ ಬಂತೇನು?’

‘ಇಲ್ಲ.’

‘ನೀ ರೇಡಿಯೋದಾಗ ಮಾತಾಡಿದ್ದು ನಾನು ಹೊಲದಾಗ ಕುಂತು ಕೇಳಿದ್ದೆ. ಕೂಡ ನಾಕು ಮಂದಿ ಇದ್ರು. ನಮ್ಮಣ್ಣ ಮಾತಾಡ್ತಾನ ಬರ್ರಿ ಅಂತ ನಾನೇ ಕರದಿದ್ದೆ.’

ನಾನು ಸುಮ್ಮನಿದ್ದೆ. ಅವನು ಮಗ್ಗುಲಾದ, ನನ್ನ ಜೋಲಿ ತೂಗಿತು.

‘ಸಹಿ ಹಾಕಿದವರು ಇಬ್ರು. ಬೈಸಿಕೊಂಡಾವ ಒಬ್ಬ.’

ಮಾತು ಅಷ್ಟೇ. ಹದಿಮೂರು ವರ್ಷ ಅದನ್ನು ಅವನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ನಮ್ಮ ತಾಯಿಯ ತವರು ಸಂಡೂರು ಸೀಮೆಯ ಒಂದು ಹಳ್ಳಿ. ಅಲ್ಲಿ ಅರಿಶಿನ ಕುಂಕುಮಕ್ಕೆಂದು ಅವಳಿಗೆ ಬಂದಿದ್ದ ನಾಲ್ಕು ಎಕರೆ ಹೊಲವಿತ್ತು. ಅವಳು 2003ರಲ್ಲಿ ತೀರಿಕೊಂಡ ಮೇಲೆ ಅದು ನಮ್ಮಿಬ್ಬರ ಹೆಸರಿಗಾಯಿತು. 2005ರಲ್ಲಿ ಅಗೆಯುವವರು ಬಂದರು. ಕೊಡೋಣವೇ ಎಂದು ತಮ್ಮ ನನ್ನನ್ನು ಕೇಳಲು ಹೊಸಪೇಟೆಗೆ ಬಂದಿದ್ದ. ನಾನು ಕಾಗದವನ್ನು ಓದಿ, ಎರಡು ಕಾಗುಣಿತದ ತಪ್ಪು ತಿದ್ದಿ, ಸಹಿ ಹಾಕಿದೆ. ನನ್ನ ಪಾಲಿನ ಹಣದಿಂದ ಮನೆಯ ಮೇಲೆ ಒಂದು ಮಹಡಿ ಎದ್ದಿತು. ಅದು ನನ್ನ ಓದುವ ಕೋಣೆ. 2012ರ ಭಾಷಣವನ್ನು ನಾನು ಬರೆದದ್ದು ಆ ಕೋಣೆಯಲ್ಲಿ ಕುಳಿತು.

ಬರೆಯುವಾಗ ಇದು ನನಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು. ಅದು ನಮ್ಮ ಮನೆಯ ವಿಷಯ, ಇದು ನಾಡಿನ ವಿಷಯ ಎಂದು ಬೇರೆ ಬೇರೆ ಹಾಳೆಯಲ್ಲಿ ಇಟ್ಟುಕೊಂಡಿದ್ದೆ.

‘ನಾನೂ ಮಾರೀನಿ ಅಂತ ಒಂದು ಮಾತು ನೀ ಅಂದಿದ್ರ ಸಾಕಿತ್ತು,’ ಎಂದ ತಮ್ಮ ಬಹಳ ಹೊತ್ತಿನ ಮೇಲೆ. ‘ಆ ನಾಕು ಮಂದಿ ಮುಂದ ನನಗ ಮುಖ ಉಳೀತಿತ್ತು.’

ಚಂದ್ರ ಯಾವಾಗ ಮುಳುಗಿದನೋ ತಿಳಿಯದು. ಎಚ್ಚರವಾದಾಗ ತೋಟದಲ್ಲಿ ಮಂಜು. ತಮ್ಮ ಮೂರು ಕಲ್ಲಿಟ್ಟು ಚಹಾ ಕಾಸುತ್ತಿದ್ದ.

ಭಾನುವಾರ ಮತ್ತೆ ಬೆಟ್ಟ ಹತ್ತುವ ಯೋಜನೆಯಿತ್ತು. ನಾವು ಹತ್ತಲಿಲ್ಲ; ತಾಯಿಯ ಹೊಲಕ್ಕೆ ಹೋದೆವು. ಇಪ್ಪತ್ತು ವರ್ಷಗಳಲ್ಲಿ ನಾನು ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. ಹೊಲವಿದ್ದಲ್ಲಿ ಎರಡಾಳು ಆಳದ ತಗ್ಗು. ಮಳೆಗಾಲದ ನೀರು ಕೆಂಪಗೆ ನಿಂತಿತ್ತು. ಸುತ್ತ ಬಳ್ಳಾರಿ ಜಾಲಿ ಬೆಳೆದು ಒಳಗಿಳಿಯಲು ದಾರಿ ಬಿಟ್ಟಿರಲಿಲ್ಲ. ಅಷ್ಟಾದರೂ ಒಂದು ಬೆಳ್ಳಕ್ಕಿ ಹೇಗೋ ನೀರಿನಂಚಿಗೆ ಬಂದು ನಿಂತಿತ್ತು. ತಮ್ಮ ಕೋಲನ್ನು ನೀರಿನ ನಡುವಿಗೆ ನೀಡಿ ಮಗನಿಗೆ ಹೇಳಿದ: ‘ಅಲ್ಲಿತ್ತು ನೋಡು ಬೇವಿನ ಮರ. ನಿಮ್ಮಜ್ಜಿ ದೊಡ್ಡಪ್ಪಗ ಜೋಲಿ ಕಟ್ಟಿದ್ದು ಅಲ್ಲೇ. ಆಮ್ಯಾಗ ನನಗೂ ಅಲ್ಲೇ.’

ಬದುವಿನ ಉಳಿದ ತುಂಡಿನ ಮೇಲೆ ಕುಳಿತು ಮಿಕ್ಕ ರೊಟ್ಟಿ ತಿಂದೆವು. ತಮ್ಮ ತನ್ನ ಪಾಲಿನ ಮೊದಲ ತುತ್ತನ್ನು ನೀರಿನ ಕಡೆ ಎಸೆದ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುತ್ತಿದ್ದ ಕೈ ಅದು. ಹುಡುಗ ಏನೆಂದು ಕೇಳಿದ. ಇಬ್ಬರೂ ಹೇಳಲಿಲ್ಲ.

ಬಸ್ಸಿನಲ್ಲಿ ತಮ್ಮ ಕೇಳಿದ: ‘ಅಣ್ಣಾ, ಮತ್ತ ರೇಡಿಯೋದಾಗ ಮಾತಾಡ್ತೀಯೇನು?’

‘ಕರೆದರೆ ಮಾತಾಡುತ್ತೇನೆ.’

‘ಯಾವತ್ತು ಅಂತ ಹೇಳು. ಆ ನಾಕು ಮಂದೀನ ಮತ್ತ ಕರೀತೀನಿ. ಒಬ್ಬ ಹೋಗ್ಯಾನ, ಮೂರು ಮಂದಿ ಅದಾರ.’

ದಿನವನ್ನೂ ಹೊತ್ತನ್ನೂ ಅವನಿಗೆ ತಿಳಿಸಿದ್ದೇನೆ. ಮೆಟ್ರಿಯಲ್ಲಿ ಈಗ ಅವರು ಕುಳಿತು ಕೇಳುತ್ತಿದ್ದಾರೆ. ಆ ನಾಲ್ಕು ಎಕರೆಯ ಕಾಗದಕ್ಕೆ ಸಹಿ ಹಾಕಿದವರು ಇಬ್ಬರು. ಮೊದಲನೆಯ ಸಹಿ ನನ್ನದು.